"ನೋವಾ?" ಅಂತ ಕೇಳಬೇಡಿ

ನಮ್ಮ ಅಮ್ಮನಿಗೆ ಎದೆ ನೋವು ಬರಲೇ ಇಲ್ಲ. ಹೃದಯಾಘಾತ ಆದ ದಿನವೂ ಅವರ ಬಾಯಲ್ಲಿ 'ನೋವು' ಅನ್ನೋ ಮಾತು ಬರಲಿಲ್ಲ. ಇದನ್ನು ಹೇಳೋಕೆ ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಶಿಡ್ಲಘಟ್ಟದ ಹತ್ತಿರ ನಮ್ಮೂರು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಅಮ್ಮನಿಗೆ 58 ವರ್ಷ. ಸಕ್ಕರೆ ಕಾಯಿಲೆ ಬಂದು 12 ವರ್ಷ ಆಯ್ತು. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡೋದು, ಮುಗಿಸಿ ಎದ್ದ ಮೇಲೆ ಹುಳುಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಸಾಕೋರಿಗೆ ಗೊತ್ತು. ಆ ಬೆಳೆಯಲ್ಲಿ ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬರುವಾಗ ಅಮ್ಮ ದಾರಿಯಲ್ಲೇ ನಿಲ್ಲೋಕೆ ಶುರು ಮಾಡಿದರು. ಕೆಳಗಿನ ದವಡೆ ಒತ್ತಿಕೊಂಡು ನಿಲ್ಲುತ್ತಿದ್ದರು.

"ಹಲ್ಲು ನೋವಾ ಅಮ್ಮ?" ಅಂತ ಕೇಳಿದೆ.

"ನೋವಲ್ಲಮ್ಮ. ಹಿಡ್ಕೊಂಡಂಗೆ ಆಗ್ತದೆ. ಕೂತ್ರೆ ಹೋಗ್ತದೆ."

ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಒಂದು ದವಡೆ ಹಲ್ಲು ಹುಳುಕಾಗಿತ್ತು, ಕಿತ್ತರು. ಕಾರಣ ಸಿಕ್ಕಿತು ಅಂತ ಎಲ್ಲರಿಗೂ ಸಮಾಧಾನ ಆಯ್ತು. ಆದರೆ ಹಲ್ಲು ನೋವು ಕೂತರೆ ಹೋಗುತ್ತಾ? ಹೊರೆ ಹೊತ್ತಾಗ ಮಾತ್ರ ಬರುತ್ತಾ? ಅಮ್ಮ ಎಲ್ಲವನ್ನೂ ಹೇಳಿದ್ದರು. ನಾನು ಅದರಲ್ಲಿ 'ನೋವು' ಇದೆಯಾ ಅಂತ ಮಾತ್ರ ಹುಡುಕಿದೆ.

ಕೆಲಸ ಮಾಡಿದಾಗ ಹೃದಯದ ಸ್ನಾಯುವಿಗೆ ಜಾಸ್ತಿ ರಕ್ತ ಬೇಕು. ರಕ್ತನಾಳದ ಒಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾಗಿದ್ದರೆ ಅಷ್ಟು ರಕ್ತ ಬರೋದಿಲ್ಲ. ಆಗ ಹೃದಯ ಕೂಗುತ್ತದೆ. ಕೂತರೆ ಬೇಡಿಕೆ ಇಳಿಯುತ್ತದೆ, ಕೂಗು ನಿಲ್ಲುತ್ತದೆ. ಇದಕ್ಕೆ ಆಂಜೈನಾ ಅನ್ನುತ್ತಾರೆ. ಹೃದಯದಿಂದ ಹೊರಡುವ ನರಗಳೂ ದವಡೆ, ಭುಜ, ಕೈ, ಬೆನ್ನಿನ ನರಗಳೂ ಹೋಗುವ ದಾರಿಯಲ್ಲಿ ಒಂದಕ್ಕೊಂದು ಸೇರುತ್ತವೆ. ಹಾಗಾಗಿ ಕೂಗು ಎಲ್ಲಿಂದ ಬಂತು ಅಂತ ಮೆದುಳಿಗೇ ಸರಿಯಾಗಿ ಗೊತ್ತಾಗೋದಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ನರಗಳೇ ಮಂಕಾಗಿರುತ್ತವೆ, ಕೂಗೂ ಮೆಲ್ಲಗೆ ಕೇಳಿಸುತ್ತದೆ.

ಹುಳು ಹಣ್ಣಾಗಿ ಗೂಡು ಕಟ್ಟೋಕೆ ತಯಾರಾದ ದಿನ ಬಂತು. ಹಣ್ಣಾದ ಹುಳುಗಳನ್ನು ಅವತ್ತೇ ಚಂದ್ರಿಕೆಗೆ, ಅಂದರೆ ಗೂಡು ಕಟ್ಟೋ ತಟ್ಟಿಗೆ, ಬಿಡಬೇಕು, ನಾಳೆಗೆ ಅಂತ ಇಡೋಕಾಗಲ್ಲ. ಬೆಳಗ್ಗೆಯಿಂದ ಅಮ್ಮ ಹುಳು ಆಯುತ್ತಾ ಕೂತಲ್ಲಿಂದ ಎದ್ದೇ ಇರಲಿಲ್ಲ. ಹತ್ತು ಗಂಟೆ ಹೊತ್ತಿಗೆ "ಯಾಕೋ ಒಂಥರಾ ಆಗ್ತದೆ" ಅಂದರು. ಹಣೆ ಮುಟ್ಟಿದೆ, ಬೆವರು, ಆದರೆ ತಣ್ಣಗೆ. ವಾಂತಿ ಬಂದ ಹಾಗೆ ಆಗುತ್ತಿತ್ತು. ಅಪ್ಪ ಗ್ಯಾಸ್ ಇರಬೇಕು ಅಂತ ಜೀರಿಗೆ ನೀರು ಕಾಯಿಸಿ ಕೊಟ್ಟರು. ಅಮ್ಮ ಒಂದು ಕೈಯಲ್ಲಿ ಲೋಟ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಹುಳು ಆಯುತ್ತಲೇ ಇದ್ದರು. ಹೀಗೆ ಒಂದೂವರೆ ಗಂಟೆ ಹೋಯ್ತು. ಆಮೇಲೆ ನಿಲ್ಲೋಕೇ ಆಗಲಿಲ್ಲ. 108ಕ್ಕೆ ಫೋನ್ ಮಾಡಿದೆ.

ತಾಲೂಕು ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ "ಎದೆ ನೋವಿದೆಯಾ" ಅಂತ ಕೇಳಲೇ ಇಲ್ಲ. "ಬೆವರು ಎಷ್ಟು ಹೊತ್ತಿಗೆ ಶುರುವಾಯ್ತು? ಇದಕ್ಕೆ ಮುಂಚೆ ಕೆಲಸ ಮಾಡುವಾಗ ಎಲ್ಲಾದರೂ ಹಿಡಿದುಕೊಂಡ ಹಾಗೆ ಆಗಿತ್ತಾ?" ಅಂದರು. ಇಸಿಜಿ ಮಾಡಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಸ್ಟೆಂಟ್ ಹಾಕಿದರು. ಅಮ್ಮ ಉಳಿದರು.

ಆ ಇಂಜೆಕ್ಷನ್ ಬಗ್ಗೆ ಹೇಳಲೇಬೇಕು. 2021ರ ಅಕ್ಟೋಬರ್ 29ರಂದು ನಮ್ಮ ಅಪ್ಪು, ನಟ ಪುನೀತ್ ರಾಜ್‌ಕುಮಾರ್, 46ನೇ ವಯಸ್ಸಿಗೇ ಹೃದಯಾಘಾತದಿಂದ ಹೋಗಿಬಿಟ್ಟರು. ಈಗ ಅವರ ಹೆಸರಲ್ಲೇ ಸರ್ಕಾರದ ಹೃದಯ ಜ್ಯೋತಿ ಯೋಜನೆ ಇದೆ. ಯೋಜನೆಗೆ ಸೇರಿದ ಜಿಲ್ಲಾ, ತಾಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಹೃದ್ರೋಗ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಬೇಕಾದರೆ ಟೆನೆಕ್ಟಿಪ್ಲೇಸ್ ಅನ್ನೋ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದು ಸಿಗುತ್ತದೆ ಅಂತ ಚೆನ್ನಾಗಿರುವಾಗಲೇ ಹೋಗಿ ಕೇಳಿಕೊಂಡು ಬನ್ನಿ. ಇನ್ನೊಂದು ವಿಷಯ, ಮೊದಲ ಇಸಿಜಿ ಸರಿಯಾಗಿದೆ ಅಂದಾಕ್ಷಣ ಎದ್ದು ಬರಬೇಡಿ. ಹೃದಯಾಘಾತದ ಶುರುವಿನಲ್ಲಿ ಇಸಿಜಿ ನಾರ್ಮಲ್ ಬರೋದುಂಟು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯುತ್ತಾರೆ, ಟ್ರೋಪೋನಿನ್ ಅನ್ನೋ ರಕ್ತ ಪರೀಕ್ಷೆಯನ್ನೂ ಮಾಡುತ್ತಾರೆ.

ಮನೆಗೆ ಬಂದ ಮೇಲೆ ನಾನು ಊರಿನವರ ಮಾತನ್ನು ಬೇರೆ ಥರ ಕೇಳಿಸಿಕೊಳ್ಳೋಕೆ ಶುರು ಮಾಡಿದೆ. "ಎದೆ ಮೇಲೆ ಕಲ್ಲು ಇಟ್ಟಂಗೆ." "ಭುಜ ಎಳೀತದೆ." "ಊಟ ಮಾಡಿ ನಡೆದ್ರೆ ಎದೆ ಉರಿ." "ಹೋದ ತಿಂಗಳು ಹತ್ತಿದ ದಿಣ್ಣೆ ಈ ತಿಂಗಳು ಹತ್ತೋಕಾಗ್ತಿಲ್ಲ." ಯಾರೂ ನೋವು ಅನ್ನೋದಿಲ್ಲ. ಹೆಂಗಸರಂತೂ "ಸುಮ್ನೆ ಸುಸ್ತು" ಅಂದು ಮುಗಿಸಿಬಿಡುತ್ತಾರೆ. ಕೇಳಬೇಕಾದ್ದು ಇಷ್ಟು: ಏನು ಮಾಡುವಾಗ ಬಂತು? ಏನು ಮಾಡಿದರೆ ಹೋಯ್ತು? ಕೂತಿದ್ದಾಗಲೇ ಬಂದು, ಬೆವರಿ, ಹೋಗದೆ ಹಾಗೇ ಇದ್ದರೆ ಇನ್ನು ಏನೂ ಕೇಳಬೇಡಿ. ಹೊರಡಿ. ಬೈಕಲ್ಲಿ ಕೂರಿಸಿಕೊಂಡು ಹೋಗಬೇಡಿ, 108 ಕರೆಯಿರಿ.

ಕಾಲಿಗೂ ಇದೇ ಪ್ರಶ್ನೆ. ಬೀಡಿ ಸೇದುವ ನಮ್ಮ ದೊಡ್ಡಪ್ಪನಿಗೆ ಸ್ವಲ್ಪ ದೂರ ನಡೆದರೆ ಮೀನಖಂಡ ಬಿಗಿದುಕೊಳ್ಳುತ್ತಿತ್ತು, ನಿಂತರೆ ಬಿಡುತ್ತಿತ್ತು. ಅದೂ ರಕ್ತನಾಳ ಕಿರಿದಾಗಿದ್ದರಿಂದಲೇ. ಒಂದೇ ಕಾಲು ದಿಢೀರ್ ಅಂತ ಊದಿಕೊಂಡರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಎರಡೂ ಪಾದ ಊದಿ, ಮಲಗಿದರೆ ಉಸಿರು ಕಟ್ಟಿ, ಎರಡು ಮೂರು ದಿಂಬು ಬೇಕಾಗುತ್ತಿದ್ದರೆ ಹೃದಯ ಸೋತಿರಬಹುದು. ಇವನ್ನು ವಯಸ್ಸಾಯ್ತು ಅಂತ ಬಿಡಬೇಡಿ.

ಚಿಕ್ಕಪ್ಪನದ್ದು ನನಗೆ ಇನ್ನೂ ಸಂಕಟ. ಒಂದು ಬೆಳಗ್ಗೆ ಡೈರಿಗೆ ಹಾಲು ಹಾಕಲು ಹೋದಾಗ ಕ್ಯಾನು ಬಲಗೈಯಿಂದ ಜಾರಿ ಬಿತ್ತು, ಮಾತು ತೊದಲಿತು. ಅರ್ಧ ಗಂಟೆಯಲ್ಲಿ ಸರಿಹೋಯ್ತು. ನೋವಿರಲಿಲ್ಲ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದು ಮುಂದೆ ಬರೋ ಲಕ್ವದ (ಸ್ಟ್ರೋಕ್) ಮುನ್ಸೂಚನೆಯಾಗಿತ್ತು. ಎರಡನೇ ದಿನ ಬಾಯಿ ಸೊಟ್ಟಗಾಯ್ತು, ಬಲಗಡೆ ಪೂರ್ತಿ ಬಿದ್ದುಹೋಯ್ತು. ಮೊದಲು ನಾಟಿ ಔಷಧಿಗೆ ಕರೆದುಕೊಂಡು ಹೋದರು. ಮೆದುಳಿಗೆ ಹೋಗುವ ರಕ್ತನಾಳ ಕಟ್ಟಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡೋಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ ಸಮಯ. ಅದಕ್ಕೂ ಮುಂಚೆ ಸಿಟಿ ಸ್ಕ್ಯಾನ್ ಆಗಬೇಕು. ಚಿಕ್ಕಪ್ಪ ಸ್ಕ್ಯಾನ್ ತಲುಪಿದ್ದು ಸಂಜೆಗೆ. ಈಗ ಎಡಗೈಯಲ್ಲಿ ಊಟ ಮಾಡುತ್ತಾರೆ.

ಅಮ್ಮ ಈಗ ಹೊರೆ ಹೊರೋದಿಲ್ಲ, ಮಾತ್ರೆ ತಪ್ಪಿಸೋದಿಲ್ಲ. ಮೊನ್ನೆ ಚಂದ್ರಿಕೆಗೆ ಹುಳು ಬಿಡೋಕೆ ಬಂದ ಪಕ್ಕದ ಮನೆಯ ಅಕ್ಕ "ಯಾಕೋ ಎಡ ಭುಜ ಜೋಮು ಹಿಡೀತದೆ" ಅಂದರು. ಅಮ್ಮ ಕೈಯಲ್ಲಿದ್ದ ಹುಳು ಕೆಳಗಿಟ್ಟು ಕೇಳಿದರು: "ಕೆಲಸ ಮಾಡ್ವಾಗ ಬರ್ತದಾ? ಕೂತ್ರೆ ಹೋಗ್ತದಾ?"

ಆ ಅಕ್ಕ ಸ್ವಲ್ಪ ಯೋಚನೆ ಮಾಡಿ, ಹೌದು ಅಂದರು. ನಾಳೆ ಬೆಳಗ್ಗೆ ಅವರನ್ನು ಇಸಿಜಿಗೆ ಕರೆದುಕೊಂಡು ಹೋಗುತ್ತಿದ್ದೇನೆ.