ಅಂಗಳಕ್ಕೆ ಇಂಟರ್‌ಲಾಕ್ ಬೇಡ ಅಂದಿದ್ದೇಕೆ

ನಮ್ಮ ಶಾಲೆಯ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸೋಣ ಅಂತ ಮಾತು ನಡೆದಿದೆ. ದಾನಿಗಳೂ ಸಿಕ್ಕಿದ್ದಾರೆ. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು, ಜೊತೆಗೆ ಹಾವಿನ ಭಯ. ಹಾಕಿಸೋಣ ಅನ್ನುವವರು ಹೇಳುವುದರಲ್ಲಿ ಸುಳ್ಳೇನಿಲ್ಲ. ಆದರೂ ನಾನು ಬೇಡ ಅಂದೆ. ಸಭೆಯಲ್ಲಿ ಸಿಕ್ಕ ಐದು ನಿಮಿಷದಲ್ಲಿ ಸರಿಯಾಗಿ ಹೇಳೋಕಾಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಹೀಗೇ ಆಗಿತ್ತು. ಹೊಂಗೆಮರದ ಬುಡದವರೆಗೂ ಕಲ್ಲು ಕೂರಿಸಿದರು. ಮೊದಲ ವರ್ಷ ನೋಡೋಕೆ ಚೆನ್ನಾಗಿಯೇ ಇತ್ತು. ಬೇರಿಗೆ ನೀರಿಳಿಯದೆ ಮೂರನೇ ಬೇಸಿಗೆಗೆ ಮರದ ಒಂದು ಮಗ್ಗುಲು ಪೂರ್ತಿ ಒಣಗಿತು. ಆಮೇಲೆ ಮಕ್ಕಳು ಬಿಸಿಯೂಟದ ತಟ್ಟೆ ಹಿಡಿದು ಜಗಲಿಯಲ್ಲೇ ಒತ್ತೊತ್ತಾಗಿ ಕೂರತೊಡಗಿದರು. ಕಾದ ಕಲ್ಲಿನ ಮೇಲೆ ಬರಿಗಾಲಿಡಲು ಆಗುತ್ತಿರಲಿಲ್ಲ. ಅದನ್ನು ಕಣ್ಣಾರೆ ಕಂಡವಳು ನಾನು.

ಈಗಿನ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಪರಿಸರ ಅಧ್ಯಯನ ಹೇಳಿಕೊಡುತ್ತೇನೆ. ಕಾಂಪೌಂಡಿನ ಒಳಸುತ್ತಿಗೆ ಒಂದು ಕಾಲುದಾರಿ ಮಾಡಿಕೊಂಡಿದ್ದೇವೆ. ಹನ್ನೊಂದು ಕಡೆ ಕಲ್ಲಿಟ್ಟು ಸುಣ್ಣದಲ್ಲಿ ನಂಬರ್ ಬರೆದಿದ್ದೇವೆ, ಅಷ್ಟೇ. ವಾರಕ್ಕೊಂದು ಪೀರಿಯಡ್ ಅಲ್ಲಿಯೇ ಪಾಠ.

ಒಂದನೇ ನಂಬರ್ ಇರುವುದು ಜಗಲಿಯ ಸೂರಿನ ಕೆಳಗೆ. ಮಳೆ ತಾಗದ ಆ ಒಣ ಮಣ್ಣಿನಲ್ಲಿ ಆಲಿಕೆಯ ಆಕಾರದ ಪುಟ್ಟ ಪುಟ್ಟ ಗುಂಡಿಗಳಿವೆ. ಪುಸ್ತಕದಲ್ಲಿ ಇರುವೆ ಸಿಂಹ ಅಂತಾರಲ್ಲ, ಅದರ ಮನೆ. ನಮ್ಮ ಮಕ್ಕಳ ಬಾಯಲ್ಲಿ ಅದು ಗುಂಡಿ ಹುಳ. ಒಂದು ಇರುವೆ ಅಂಚಿಗೆ ಬಂದು ಜಾರಿತು. ಮೇಲೆ ಹತ್ತಲು ಒದ್ದಾಡುತ್ತಿದ್ದರೆ ತಳದಿಂದ ಯಾರೋ ಮಣ್ಣು ಎರಚುತ್ತಿದ್ದಾರೆ! ಇಪ್ಪತ್ತಾರು ಮಕ್ಕಳು ಉಸಿರು ಬಿಗಿಹಿಡಿದು ಮಂಡಿಯೂರಿ ಕೂತಿದ್ದರು. ಒಬ್ಬ ಹುಡುಗ ಮಣ್ಣು ಬಗೆದು ಹುಳವನ್ನು ಅಂಗೈಗೆ ಹಾಕಿಕೊಂಡ. ಅದು ಮುಂದಕ್ಕೆ ಹೋಗದೆ ಹಿಂದು ಹಿಂದಕ್ಕೇ ಸರಿಯಿತು. ಇದೇ ಹುಳ ದೊಡ್ಡದಾದಾಗ ಏರೋಪ್ಲೇನ್ ಚಿಟ್ಟೆಯ ಹಾಗೆ ರೆಕ್ಕೆ ಬಂದು ಹಾರುತ್ತದೆ ಅಂದಾಗ ಅವನು ನಂಬಲಿಲ್ಲ. ನಂಬದೆ ಇದ್ದದ್ದೇ ನನಗೆ ಖುಷಿ, ಯಾಕೆಂದರೆ ಅವತ್ತಿನಿಂದ ಅವನು ದಿನಾ ಬೆಳಿಗ್ಗೆ ಬಂದು ಆ ಗುಂಡಿ ನೋಡುತ್ತಾನೆ. ಈ ಹುಳಕ್ಕೆ ಬೇಕಾದದ್ದು ಒಂದು ಮೊಳ ಸಡಿಲ ಮಣ್ಣು. ಕಲ್ಲು ಹಾಸಿದರೆ ಮೊದಲು ಹೋಗುವುದು ಅದೇ.

ಕರಿಬೇವಿನ ಗಿಡದ್ದೂ ದೊಡ್ಡ ಕಥೆ. ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿದೆ ಅಂತ ಒರೆಸಲು ಹೋದ ಹುಡುಗಿಗೆ ಅದು ಅಲ್ಲಾಡಿದಾಗಲೇ ಕಂಬಳಿಹುಳ ಅಂತ ಗೊತ್ತಾದದ್ದು. ಬೆಳೆಯುತ್ತಾ ಹಸಿರು ಬಣ್ಣಕ್ಕೆ ತಿರುಗಿತು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ನಾಲಿಗೆಯಂಥದ್ದೊಂದನ್ನು ಹೊರಚಾಚಿ ಗಾಢ ವಾಸನೆ ಬಿಡುತ್ತಿತ್ತು. ಸ್ಕೇಲು ಹಿಡಿದು ದಿನಾ ಅಳೆದರು. ಮಿಲಿಮೀಟರ್ ಅಂದರೇನು ಅಂತ ನಾನು ಆ ವರ್ಷ ಬೋರ್ಡಿನ ಮೇಲೆ ಮತ್ತೆ ಹೇಳಿಕೊಡಲೇ ಇಲ್ಲ. ಎಕ್ಕದ ಗಿಡದಲ್ಲಿ ಬೇರೆಯದೇ ಚಿಟ್ಟೆಯ ಹುಳ. ಹೊಂಗೆ ಎಲೆಯ ಮೇಲಿನ ಗಂಟುಗಳು ಕಣ್ಣಿಗೆ ಕಾಣದ ನುಸಿಯ ಕೆಲಸ. ಮೈದಾನದ ನಡುವೆ ನೆಟ್ಟ ಕೋಲು ನಮ್ಮ ಏಳನೇ ನಂಬರ್. ಆಗಸ್ಟ್ ಮೂರನೇ ವಾರದಲ್ಲಿ ನಮ್ಮ ತುಮಕೂರು ಕಡೆ ಒಂದು ದಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮೋಡ ಸರಿದರೆ ಹನ್ನೆರಡೂವರೆ ಹತ್ತಿರ ಕೋಲಿನ ನೆರಳು ಬುಡದಲ್ಲೇ ಕರಗಿಹೋಗುತ್ತದೆ.

"ಕಟ್ಟಡ ಇದ್ದೂ ಮಕ್ಕಳನ್ನ ಮರದ ಕೆಳಗೆ ಕೂರಿಸ್ತೀರಲ್ಲ ಮಿಸ್" ಅಂತ ಒಬ್ಬ ತಂದೆ ಬೇಜಾರು ಮಾಡಿಕೊಂಡರು. ಅವರ ನೋವು ನನಗೆ ಅರ್ಥವಾಗುತ್ತದೆ. ಕೊಠಡಿಯೇ ಇಲ್ಲದ ಶಾಲೆಯಲ್ಲಿ ಓದಿದವರು ಅವರು. ಅವರ ಪಾಲಿಗೆ ಮರದ ಕೆಳಗಿನ ಪಾಠ ಅಂದರೆ ಬಡತನ, ಮಳೆ ಬಂದರೆ ರಜೆ. ಅವರಿಗೆ ಶಾಂತಿನಿಕೇತನದ ವಿಷಯ ಹೇಳಿದೆ. ರವೀಂದ್ರನಾಥ ಟ್ಯಾಗೋರರು 1901ರಲ್ಲಿ ಶುರು ಮಾಡಿದ ಆ ಶಾಲೆಯಲ್ಲಿ ಇವತ್ತಿಗೂ ಮರದಡಿ ತರಗತಿ ನಡೆಯುತ್ತದೆ, 2023ರಲ್ಲಿ ಆ ಜಾಗ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಅವರು ಪೂರ್ತಿ ಒಪ್ಪಲಿಲ್ಲ, ಆದರೆ ಒಂದು ದಿನ ಬಂದು ಮಕ್ಕಳ ಜೊತೆ ಕೂತು ಹೋದರು.

ಕಣ್ಣಿನ ವಿಷಯವನ್ನೂ ಹೇಳಬೇಕು. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿ ಮಕ್ಕಳ ಮೇಲೆ ಮೂರು ವರ್ಷ ಒಂದು ಅಧ್ಯಯನ ನಡೆಯಿತು. ಅರ್ಧದಷ್ಟು ಶಾಲೆಗಳ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. 2015ರಲ್ಲಿ ಬಂದ ಫಲಿತಾಂಶ ನೋಡಿ: ಹೊರಗೆ ಬಿಟ್ಟವರಲ್ಲಿ ಹೊಸದಾಗಿ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ತೊಂದರೆ, ಬಂದದ್ದು ಶೇ. 30.4 ಮಕ್ಕಳಿಗೆ, ಉಳಿದವರಲ್ಲಿ ಶೇ. 39.5. ಮರದ ನೆರಳಿನಲ್ಲಿ ಕೂತರೂ ತರಗತಿಯ ಒಳಗಿಗಿಂತ ಬೆಳಕು ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಮೊಬೈಲ್ ಹಿಡಿದು ಮನೆಯೊಳಗೇ ಕೂರುವ ನಮ್ಮ ಹಳ್ಳಿಯ ಮಕ್ಕಳಿಗೂ ಈಗ ಇದು ಬೇಕಾದ ಮಾತು.

ಹಾವಿನ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ದಾರಿಯ ಎರಡೂ ಬದಿ ಕಳೆ ತೆಗೆಸುತ್ತೇವೆ, ಕಲ್ಲುಗುಪ್ಪೆ ಬಿಡುವುದಿಲ್ಲ, ಮಕ್ಕಳಿಗಿಂತ ಮುಂದೆ ಕೋಲು ತಟ್ಟುತ್ತಾ ನಾನು ಹೋಗುತ್ತೇನೆ. ಸಿಲಬಸ್ ಮುಗಿಯುವುದಿಲ್ಲ ಅನ್ನುವ ಸಹೋದ್ಯೋಗಿಗಳಿಗೂ ಒಂದು ಮಾತು. ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ 'ಸಂಭ್ರಮ ಶನಿವಾರ' ಹೇಗೂ ಇದೆಯಲ್ಲ, ಅಲ್ಲಿಂದ ಶುರು ಮಾಡಿ.

ದಾನಿಗಳು ಒಳ್ಳೆಯ ಮನಸ್ಸಿನಿಂದ ಬಂದವರು, ಅವರ ಹಣ ಬೇಡ ಅನ್ನುತ್ತಿಲ್ಲ. ಮಕ್ಕಳೇ ಬರೆದ ಅಂಗಳದ ನಕ್ಷೆಯೊಂದನ್ನು ನಿನ್ನೆ ಅವರ ಕೈಗೆ ಕೊಟ್ಟಿದ್ದೇನೆ. ಗೇಟಿನಿಂದ ಜಗಲಿಗೆ, ಜಗಲಿಯಿಂದ ನಲ್ಲಿಗೆ, ಶೌಚಾಲಯಕ್ಕೆ ಕಲ್ಲಿನ ದಾರಿ. ಹೊಂಗೆಯ ಸುತ್ತ ಕೂರಲು ಆರು ಚಪ್ಪಡಿ, ಬುಡದಿಂದ ಎರಡು ಮಾರು ಆಚೆಗೆ. ಚಾವಣಿಯ ಮಳೆನೀರು ಹಿಡಿಯಲು ಒಂದು ತೊಟ್ಟಿ. ಸೂರಿನ ಕೆಳಗಿನ ಪಟ್ಟಿಗೆ ಮಕ್ಕಳು ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, 'ಗುಂಡಿ ಹುಳದ ಜಾಗ, ಮುಟ್ಟಬಾರದು' ಅಂತ ಬರೆದಿದ್ದಾರೆ.