ನಕ್ಷೆಯಲ್ಲಿ ಚಿರತೆ ಸುಖವಾಗಿದೆ

ಕಬ್ಬಿನ ಕಟಾವು ಶುರುವಾಯಿತೆಂದರೆ ನಮ್ಮ ಭಾಗದ ಪತ್ರಿಕೆಗಳಲ್ಲಿ ಒಂದು ಶೀರ್ಷಿಕೆ ಕಾಯಂ: ‘ಕಾಡಿನಿಂದ ನಾಡಿಗೆ ಬಂದ ಚಿರತೆ, ಗ್ರಾಮಸ್ಥರಲ್ಲಿ ಆತಂಕ’. ಕೆಳಗಿನ ಸುದ್ದಿಯೂ ಕಾಯಂ. ಅಧಿಕಾರಿಗಳು ಸ್ಥಳಕ್ಕೆ ಭೇಟಿ ನೀಡಿದರು, ಹೆಜ್ಜೆ ಗುರುತು ಪರಿಶೀಲಿಸಿದರು, ‘ಕಾಡುಬೆಕ್ಕಿನದೂ ಇರಬಹುದು’ ಎಂದರು, ಬೋನು ಇರಿಸಿದರು, ರಾತ್ರಿ ಒಬ್ಬಂಟಿಯಾಗಿ ಓಡಾಡಬೇಡಿ ಎಂದು ಸೂಚಿಸಿ ಜೀಪು ಹತ್ತಿದರು. ಕಾಡುಬೆಕ್ಕಿಗೆ ಅಷ್ಟು ದೊಡ್ಡ ಬೋನು ಏಕೆ ಎಂದು ಯಾರೂ ಕೇಳುವುದಿಲ್ಲ. ಬಂದದ್ದು ಯಾವ ಕಾಡಿನಿಂದ ಎಂಬುದನ್ನಂತೂ ಕೇಳುವುದೇ ಇಲ್ಲ. ಅಥಣಿ, ಮುಧೋಳ, ಜಮಖಂಡಿಗಳ ಬಯಲಿನಲ್ಲಿ ಕಾಡೆಂದು ಇರುವುದು ಕಬ್ಬು ಒಂದೇ. ವರ್ಷದ ಬಹುಪಾಲು ಆಳೆತ್ತರ ನಿಲ್ಲುತ್ತದೆ. ಒಳಗೆ ನೆರಳಿದೆ, ನೀರಿದೆ, ಹಂದಿಯಿದೆ, ಪಕ್ಕದಲ್ಲೇ ಊರನಾಯಿಗಳಿವೆ. ನೆರೆಯ ಮಹಾರಾಷ್ಟ್ರದ ಜುನ್ನರ್ ಸೀಮೆಯಲ್ಲಿ ಚಿರತೆ ಕಬ್ಬಿನೊಳಗೇ ಮರಿ ಹಾಕಿ ಸಾಕುವುದು ಹಳೆಯ ಸಂಗತಿ. ಅಂಥ ಮನೆಗೆ ಒಂದು ಬೆಳಿಗ್ಗೆ ಕಬ್ಬು ಕಡಿಯುವ ಗ್ಯಾಂಗು ಬರುತ್ತದೆ, ಸಂಜೆಯೊಳಗೆ ಮನೆಯೇ ಟ್ರ್ಯಾಕ್ಟರ್ ಹತ್ತಿ ಕಾರ್ಖಾನೆಗೆ ಹೋಗುತ್ತದೆ. ಮರುದಿನ ಸುದ್ದಿ: ನಾಡಿಗೆ ಬಂದ ಚಿರತೆ.

ಈಗ ಇದಕ್ಕೆಲ್ಲ ವೈಜ್ಞಾನಿಕ ಪರಿಹಾರವಿದೆಯಂತೆ. ಸಭೆ, ಕಾರ್ಯಾಗಾರಗಳಲ್ಲಿ ಕೇಳಿಬರುವ ಹೊಸ ಮಂತ್ರದ ಹೆಸರು ‘ಆವಾಸಸ್ಥಾನ ಮಾದರಿ’. ನಾನು ಅದರ ವಿರೋಧಿಯಲ್ಲ, ಅಭಿಮಾನಿ. ಒಂದು ಪ್ರಾಣಿಗೆ ಏನೇನು ಬೇಕು ಎಂದು ಪಟ್ಟಿ ಮಾಡುತ್ತಾರೆ. ಮರದ ಹಂದರ ಎಷ್ಟು ದಟ್ಟ, ನೀರು ಎಷ್ಟು ದೂರ, ರಸ್ತೆ ಎಷ್ಟು ಹತ್ತಿರ ಎಂದು ಅಳೆದು, ಪ್ರತಿ ತುಂಡು ನೆಲಕ್ಕೂ ಸೊನ್ನೆಯಿಂದ ಒಂದರೊಳಗೆ ಅಂಕ ಕೊಡುತ್ತಾರೆ. ಅಮೆರಿಕದವರು 1980ರ ದಶಕದಲ್ಲೇ ಒಂದೊಂದು ಪ್ರಾಣಿಗೂ ಇಂಥ ಅಂಕಪಟ್ಟಿ ಬರೆದಿಟ್ಟರು. 2003ರಲ್ಲಿ ಅಲ್ಲಿನ ಅರಣ್ಯ ಸೇವೆಯು ದಕ್ಷಿಣ ಮಿಸೌರಿಯ ಕಾಡಿಗಾಗಿ ಒಟ್ಟಿಗೆ 12 ಪ್ರಾಣಿಪಕ್ಷಿಗಳ ಮಾದರಿಯನ್ನು ಪ್ರಕಟಿಸಿತು. ಮರ ಕಡಿದು ಮಾರುವ ಕಾಡಿನಲ್ಲಿ ಎಲ್ಲರಿಗೂ ಏಕಕಾಲಕ್ಕೆ ಒಳ್ಳೆಯದಾಗುವುದಿಲ್ಲ. ಹಳೆಯ ಮರಗಳ ದಟ್ಟ ನೆರಳಿನಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿ ಒಂದಾದರೆ, ಮರ ಹೋದ ಜಾಗದಲ್ಲಿ ಚಿಗುರಿದ ಪೊದೆಯನ್ನೇ ಹುಡುಕುವ ಹಕ್ಕಿ ಇನ್ನೊಂದು. ಗರಗಸ ಆಡಿದ ಕಡೆ ಒಂದರ ಅಂಕ ಏರುತ್ತದೆ, ಇನ್ನೊಂದರದು ಬೀಳುತ್ತದೆ. ಆದ್ದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಮಾದರಿ ಮಾಡಿದವನು ಬರೆದು ಕೊಡಲೇಬೇಕು. ಈ ನಷ್ಟದ ಕಾಲಂ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ನಾವು ಆಮದು ಮಾಡಿಕೊಂಡಿದ್ದೇವೆ.

ನಮ್ಮ ನಕ್ಷೆಯಲ್ಲಿ ನಷ್ಟವೆಂಬುದು ಇಲ್ಲ, ಹಸಿರು ಮಾತ್ರ ಇದೆ. ಕನಿಷ್ಠ ಒಂದು ಹೆಕ್ಟೇರ್ ಜಾಗದಲ್ಲಿ ಶೇ 10ರಷ್ಟು ಮರದ ಹಂದರವಿದ್ದರೆ ಭಾರತೀಯ ಅರಣ್ಯ ಸಮೀಕ್ಷೆಯವರ ಲೆಕ್ಕದಲ್ಲಿ ಅದು ಅರಣ್ಯ ಹೊದಿಕೆ. ಜಾಗ ಯಾರದಾದರೂ ಆಗಲಿ, ಮರ ಯಾವುದಾದರೂ ಆಗಲಿ. ಮಾವಿನ ತೋಟವೂ ಸೈ, ನೀಲಗಿರಿ ತೋಪೂ ಸೈ. ಇತ್ತ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರ ಎಂಬ ಸಣ್ಣ ಹುಲ್ಲೆ ಇದೆ. ಬೀಳಗಿ, ಮುಧೋಳ ತಾಲ್ಲೂಕುಗಳ ನಡುವಿನ 96 ಚದರ ಕಿಲೊಮೀಟರನ್ನು 2016ರಲ್ಲಿ ಅದರ ಹೆಸರಿನಲ್ಲೇ ವನ್ಯಧಾಮ ಮಾಡಿದರು. ಒಳ್ಳೆಯ ಕೆಲಸ, ಗೇಲಿಯಿಲ್ಲದೆ ಹೇಳುತ್ತೇನೆ. ಆದರೆ ಚಿಂಕಾರಕ್ಕೆ ಬೇಕಾದದ್ದು ಕಲ್ಲುನೆಲ, ಮುಳ್ಳುಪೊದೆ, ದೂರದವರೆಗೆ ಕಣ್ಣು ಹಾಯುವ ಬಯಲು. ಎಲೆಯಲ್ಲಿರುವ ತೇವದಲ್ಲೇ ಅದು ಬಹಳ ದಿನ ದೂಡಬಲ್ಲದು. ಹೀಗೆ ಕೆರೆಯನ್ನೂ ಕೇಳದ, ಮರವನ್ನೂ ಕೇಳದ ಪ್ರಾಣಿಗೆ ಯಾವ ಯೋಜನೆಯಲ್ಲಿ ಅನುದಾನ ಕೊಡುವುದು? ಅದರಂಥ ಪ್ರಾಣಿಗಳು ವಾಸಿಸುವ ಬಯಲುಗಳನ್ನೆಲ್ಲ ನಮ್ಮ ದಾಖಲೆಗಳು ‘ಪಾಳುಭೂಮಿ’ ಎಂದು ಕರೆಯುತ್ತವೆ. ಪಾಳುಭೂಮಿ ಎಂದ ಮೇಲೆ ಉದ್ಧಾರ ಮಾಡಲೇಬೇಕಲ್ಲ.

ಉದ್ಧಾರ ಹೇಗೆ ನಡೆಯುತ್ತದೆ ಎಂಬುದನ್ನು ಮುಂಗಾರಿಗೆ ಮುಂಚೆ ಯಾವ ಗುಡ್ಡಕ್ಕೆ ಹೋದರೂ ನೋಡಬಹುದು. ಜೆಸಿಬಿ ಬಂದು ಹುಲ್ಲನ್ನು ಬೇರುಸಹಿತ ಎತ್ತಿ ಸಾಲಾಗಿ ಗುಂಡಿ ತೋಡುತ್ತದೆ. ಗುಂಡಿಗೊಂದು ಸಸಿ, ಸಸಿಯ ಪಕ್ಕ ಹರಿದು ಬಿಸಾಡಿದ ಕಪ್ಪು ಪ್ಲಾಸ್ಟಿಕ್ ಚೀಲ. ದಾರಿಯ ಬದಿಗೆ ಹಳದಿ ಬಳಿದ ಫಲಕದಲ್ಲಿ ವರ್ಷ, ಹೆಕ್ಟೇರ್, ಸಸಿಗಳ ಸಂಖ್ಯೆ. ಫಲಕದಲ್ಲಿ ತೋಳಕ್ಕೆ ಜಾಗವಿಲ್ಲ. ಜೆಸಿಬಿ ಹಾದುಹೋದ ದಿಬ್ಬದಲ್ಲಿ ತೋಳದ ಗವಿಯಿತ್ತೋ ಇಲ್ಲವೋ ನೋಡಿದವರಾರು? ಆ ಗುಡ್ಡಕ್ಕೆ ಕುರಿ ಹೊಡೆದುಕೊಂಡು ಬರುತ್ತಿದ್ದ ಕುರಿಗಾರನಿಗೆ ಈಗ ಬೇಲಿ ಅಡ್ಡ. ಮಾದರಿಯಲ್ಲಿ ಅವನ ಹೆಸರು ‘ಮಾನವ ಹಸ್ತಕ್ಷೇಪ’, ಜೆಸಿಬಿಯ ಹೆಸರು ‘ಅಭಿವೃದ್ಧಿ’. ಜಿಂಕೆಗಳಿಲ್ಲದ ಬಯಲಿನಲ್ಲಿ ತೋಳ ಬದುಕಿರುವುದು ಅದೇ ಕುರಿಗಾರನ ಮಂದೆಯ ಬೆನ್ನು ಹತ್ತಿ. ಕುರಿ ಕಳೆದುಕೊಂಡು ಅದನ್ನು ಶಪಿಸುವವನೂ, ಗೊತ್ತಿಲ್ಲದೆಯೇ ಸಾಕುವವನೂ ಅವನೇ.

ಖಾನಾಪುರ ತಾಲ್ಲೂಕಿನ ಭೀಮಗಡದ ವಿಷಯ ಬಂದರೆ ನನಗೆ ಮೊದಲು ನೆನಪಾಗುವುದು ಹುಲಿಯಲ್ಲ, ಬಾರಾಪೇಡೆ ಗುಹೆಗಳ ಬಾವಲಿ. ರಾಟನ್ ಬಾವಲಿ ಎಂಬ ಈ ಜೀವಿ ಬಹುಕಾಲ ಇಡೀ ಜಗತ್ತಿನಲ್ಲಿ ಇಲ್ಲಿ ಮಾತ್ರ ಇದೆ ಎಂದೇ ತಿಳಿಯಲಾಗಿತ್ತು. ದೊಡ್ಡ ದೊಡ್ಡ ಕಿವಿ. ಪೋಸ್ಟರಿಗೆ ಒಗ್ಗುವ ಚೆಲುವಲ್ಲ. 2011ರಲ್ಲಿ ಭೀಮಗಡವನ್ನು ವನ್ಯಧಾಮ ಎಂದು ಘೋಷಿಸಲು ಅದೂ ಒಂದು ಕಾರಣ. ಆದರೂ ಪರಿಸರ ದಿನದ ಭಾಷಣದಲ್ಲಿ ಬಾವಲಿಯ ಹೆಸರೆತ್ತಿದ ಒಬ್ಬ ಗಣ್ಯರನ್ನು ನಾನು ಕಂಡಿಲ್ಲ. ‘ಬಹುಜೀವಿ ಮಾದರಿ’ಯಲ್ಲಿ ಬಹು ಎಂದರೆ ಹುಲಿ, ಚಿರತೆ, ಆನೆ, ಉಳಿದವುಗಳೆಲ್ಲ ‘ಇತ್ಯಾದಿ’ಯಲ್ಲಿ ಸುಖವಾಗಿವೆ.

ನಾನು ಕಂಡಂತೆ ಈ ಭಾಗದಲ್ಲಿ ಅತ್ಯುತ್ತಮ ಮಾದರಿ ತಯಾರಿಸಿದ್ದು 2022ರ ಆ ಚಿರತೆ. ಬೆಳಗಾವಿಯ ಮಧ್ಯದ ಗಾಲ್ಫ್ ಮೈದಾನ: ಮರವಿದೆ, ಪೊದೆಯಿದೆ, ಬೇಟೆಯಿದೆ, ಜನಸಾಮಾನ್ಯರಿಗೆ ಪ್ರವೇಶವಿಲ್ಲ. ಒಂದಕ್ಕೆ ಒಂದು ಅಂಕ. ಮುಂದಿನ ಕತೆ ನಿಮಗೆ ಗೊತ್ತು. ಸಕ್ರೆಬೈಲಿನ ಆನೆ ಬಿಡಾರದಿಂದ ಆನೆಗಳು ಬಂದವು, ಡ್ರೋನ್ ಹಾರಿತು, ಬಲೆ ಬಿತ್ತು, ಮರಮರಕ್ಕೂ ಕ್ಯಾಮೆರಾ ಕಟ್ಟಿದರು. ಚಿರತೆ ಕ್ಯಾಮೆರಾಕ್ಕೆ ಮುಖ ತೋರಿಸಿ, ಯಾರಿಗೂ ಹೇಳದೆ ಹೊರಟುಹೋಯಿತು. ನಾವೆಲ್ಲ ಅದಕ್ಕೆ ಆಧಾರ್ ಕಾರ್ಡ್ ಕೊಡಿ, ಮತದಾರರ ಪಟ್ಟಿಗೆ ಸೇರಿಸಿ ಎಂದು ಜೋಕು ಮಾಡಿದೆವು. ಆ ದಿನಗಳಲ್ಲಿ ಸುತ್ತಲಿನ ಶಾಲೆಗಳಿಗೆ ಬೀಗ. ಎರಡು ವರ್ಷ ಕೊರೊನಾದಲ್ಲಿ ಮನೆಯಲ್ಲಿ ಕುಳಿತಿದ್ದ ಮಕ್ಕಳು ಮತ್ತೆ ಮನೆಯಲ್ಲೇ ಕುಳಿತರು. ನಗರದ ಕಸ ಬೀದಿಯಲ್ಲಿ ಬಿದ್ದರೆ ನಾಯಿ, ಹಂದಿ ಬರುತ್ತವೆ. ಅವಿದ್ದಲ್ಲಿಗೆ ಚಿರತೆ ಬರುತ್ತದೆ. ಇದನ್ನು ತಿಳಿಯಲು ಉಪಗ್ರಹ ಬೇಕಾಗಿಲ್ಲ, ಕಸದ ಗಾಡಿ ದಿನವೂ ಬಂದರೆ ಸಾಕು.

ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು 2023ರ ಅಕ್ಟೋಬರಿನಲ್ಲಿ ನಕ್ಷೆಯ ಗೋಜಿಗೇ ಹೋಗಲಿಲ್ಲ. ರಾತ್ರಿ ಹೊಲದಲ್ಲಿ ಕಂಡ ಮೊಸಳೆಯನ್ನು ಕಟ್ಟಿ ತಂದು ವಿದ್ಯುತ್ ಉಪಕೇಂದ್ರದ ಅಂಗಳದಲ್ಲಿ ಇಳಿಸಿದರು. ಪಂಪ್‌ಸೆಟ್ಟಿಗೆ ಕರೆಂಟ್ ಕೊಡುವುದು ರಾತ್ರಿ, ನೀರು ಹಾಯಿಸಲು ಹೋಗಬೇಕಾದದ್ದು ಕತ್ತಲಲ್ಲಿ. ಹಾವು, ಚೇಳು, ಮೊಸಳೆ ಕಚ್ಚಿ ಸತ್ತರೆ ಹೊಣೆ ಯಾರು ಎಂದು ಕೇಳಿದರು. ರಾಜ್ಯವೆಲ್ಲ ವಿಡಿಯೊ ನೋಡಿ ನಕ್ಕಿತು, ನಾನೂ ನಕ್ಕೆ. ಆದರೆ ಕೆಸರಿನಲ್ಲಿ ಕಾಲಿಟ್ಟು, ಮೊಬೈಲ್ ಬೆಳಕಿನಲ್ಲಿ ಬದು ಹುಡುಕುತ್ತ, ನೀರಿನಲ್ಲಿ ಅಲುಗಿದ್ದೇನು ಎಂದು ನಿಂತು ನೋಡುವವನಿಗೆ ಅದು ನಗೆಯ ವಿಷಯವಲ್ಲ. ಅಣೆಕಟ್ಟು ಕಟ್ಟಿ ಹಿನ್ನೀರು ತಂದವರು ನಾವು, ಕರೆಂಟಿನ ವೇಳಾಪಟ್ಟಿ ಬರೆದವರು ನಾವು. ‘ಮಾನವ-ವನ್ಯಜೀವಿ ಸಂಘರ್ಷ’ ಎಂದು ಹೆಸರಿಟ್ಟು ಮೊಸಳೆಯ ಮೇಲೆ ಹಾಕಿದವರೂ ನಾವೇ. ಅರಣ್ಯ ಸಿಬ್ಬಂದಿ ಬಂದು ಮೊಸಳೆಯನ್ನು ಒಯ್ದು ನದಿಗೆ ಬಿಟ್ಟರು. ರೈತರು ಕೇಳಿದ್ದು ಮೊಸಳೆಗೆ ಪುನರ್ವಸತಿಯನ್ನಲ್ಲ, ಹಗಲು ಹೊತ್ತಿನ ಕರೆಂಟನ್ನು.