ಇಲಿನಾಯ್ ನಾಲ್ಕನೆಯ ಕ್ಷೇತ್ರದ ಮಹಾತ್ಮೆ

ಕ್ಷೇತ್ರವೆಂದ ಮೇಲೆ ಅದಕ್ಕೊಂದು ಸ್ಥಳಪುರಾಣ ಇರಲೇಬೇಕು. ಶಿಕಾಗೋ ನಗರದ ನೈಋತ್ಯ ಭಾಗವನ್ನೂ ಸಿಸೆರೋ, ಬರ್ವಿನ್ ಮುಂತಾದ ನೆರೆಯೂರುಗಳನ್ನೂ ಒಳಗೊಂಡ, ಸುಮಾರು 7.5 ಲಕ್ಷ ಜನರಿರುವ, ಅಮೆರಿಕದ ಇಲಿನಾಯ್ ರಾಜ್ಯದ ನಾಲ್ಕನೆಯ ಕಾಂಗ್ರೆಸ್ (ಅಂದರೆ ಅಲ್ಲಿನ ಸಂಸತ್ತಿನ) ಕ್ಷೇತ್ರವು ಈ ವಿಷಯದಲ್ಲಿ ಯಾವ ತೀರ್ಥಕ್ಷೇತ್ರಕ್ಕೂ ಕಡಿಮೆಯಿಲ್ಲ. 1992ರಿಂದ ಈಚೆಗೆ ಇಲ್ಲಿ ಡೆಮಾಕ್ರಟಿಕ್ ಪಕ್ಷ ಒಮ್ಮೆಯೂ ಸೋತಿಲ್ಲ. ಸೋಲಬಹುದೆಂಬ ದುಃಸ್ವಪ್ನವೂ ಅದಕ್ಕೆ ಬಿದ್ದಿರಲಾರದು.

ಉದ್ಭವದ ಕಥೆ ಹೀಗಿದೆ. 1990ರ ಜನಗಣತಿಯ ಹೊತ್ತಿಗೆ ಶಿಕಾಗೋದಲ್ಲಿ ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಜನರು ಲಕ್ಷಗಟ್ಟಲೆ ಇದ್ದರೂ ಅವರಿಗೆ ತಮ್ಮವರೆನ್ನುವ ಒಬ್ಬ ಪ್ರತಿನಿಧಿಯೂ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಇರಲಿಲ್ಲ. ಪೋರ್ಟೊರಿಕೊ ಮೂಲದವರು ಉತ್ತರಕ್ಕೆ, ಮೆಕ್ಸಿಕೊ ಮೂಲದವರು ದಕ್ಷಿಣಕ್ಕೆ, ಇಬ್ಬರ ನಡುವೆ ಕಪ್ಪು ಜನರೇ ಬಹುಸಂಖ್ಯಾತರಾಗಿದ್ದ ಏಳನೆಯ ಕ್ಷೇತ್ರ. ಅದನ್ನು ಸೀಳುವಂತಿರಲಿಲ್ಲ. ಆದ್ದರಿಂದ ಗೆರೆಯನ್ನು ಪಶ್ಚಿಮದತ್ತ ದೂರ ಒಯ್ದು, 294ನೆಯ ಅಂತರರಾಜ್ಯ ಹೆದ್ದಾರಿಯ ಗುಂಟ ಇಳಿಸಿ, ಎರಡು ಬಡಾವಣೆಗಳ ಗುಂಪನ್ನು ಒಂದೇ ಕ್ಷೇತ್ರವೆಂದು ಹೊಲಿಯಲಾಯಿತು. ಕೆಲವೆಡೆ ಆ ಹೊಲಿಗೆಯಲ್ಲಿ ಹೆದ್ದಾರಿಯಿತ್ತೇ ಹೊರತು ಮನೆಗಳಿರಲಿಲ್ಲ. ಚಳಿಗೆ ಕಿವಿಯ ಮೇಲೆ ಹಾಕಿಕೊಳ್ಳುವ ಪಟ್ಟಿಯಂತೆ ಕಾಣುತ್ತಿದ್ದ ಈ ಆಕೃತಿಯನ್ನು ನೋಡಿ ದೇಶವೇ ನಕ್ಕಿತು. 1998ರಲ್ಲಿ ಸುಪ್ರೀಂ ಕೋರ್ಟು ನಗದೆ ಎತ್ತಿಹಿಡಿಯಿತು.

ನಾನೂ ನಗುವುದಿಲ್ಲ. ದನಿಯಿಲ್ಲದವರಿಗೆ ದನಿ ಕೊಡಲು ಗೆರೆ ಸೊಟ್ಟಗಾದರೆ ಆಗಲಿ. ಆದರೆ ಒಬ್ಬೊಬ್ಬ ಮತದಾರನನ್ನೂ ಕುಲಮೂಲ ಸಮೇತ ಎಣಿಸಿ, ಹೆಕ್ಕಿ, ಪೋಣಿಸಿ, ಅವನ ಮತಕ್ಕೆ ಬೆಲೆ ಬರುವಂತೆ ಇಷ್ಟೆಲ್ಲ ಶ್ರಮಪಟ್ಟ ಮೇಲೆ, ಅದನ್ನು ಚಲಾಯಿಸುವ ಶ್ರಮವನ್ನು ಅವನಿಗೆ ಕೊಡಬಾರದೆಂದು ನಾಯಕರು ತೋರಿದ ಕಾಳಜಿಯಿದೆಯಲ್ಲ, ಮಹಾತ್ಮೆ ಇರುವುದು ಅಲ್ಲಿ.

ಹೀಗೆ ಹೊಲಿದ ಕ್ಷೇತ್ರದ ಮೊದಲ ಅರ್ಚಕರಾದ, ಅಂದರೆ ಮೊದಲ ಪ್ರತಿನಿಧಿಯಾದ ಲೂಯಿಸ್ ಗುಟಿಯೆರೆಜ್ ಅವರು ಕಾಲು ಶತಮಾನ ಸೇವೆ ಸಲ್ಲಿಸಿ, 2017ರ ನವೆಂಬರಿನಲ್ಲಿ, ತಮ್ಮ ನಾಮಪತ್ರ ಸಲ್ಲಿಸಿಯಾದ ಮೇಲೆ, ಗಡುವಿಗೆ ಒಂದು ವಾರವೂ ಉಳಿದಿಲ್ಲದಿದ್ದಾಗ ನಿವೃತ್ತಿ ಘೋಷಿಸಿದರು. ಉತ್ತರಾಧಿಕಾರಿಯಾಗಿ ಹೆಸೂಸ್ ‘ಚೂಯ್’ ಗಾರ್ಸಿಯಾ ಅವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದರು. (ನೆರೆಯ ಮೂರನೆಯ ಕ್ಷೇತ್ರದ ಬಿಲ್ ಲಿಪಿನ್ಸ್ಕಿ ಅವರು 2004ರಲ್ಲಿ ಪಕ್ಷದ ಪ್ರಾಥಮಿಕ ಚುನಾವಣೆ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಚುನಾವಣೆ ಗೆದ್ದ ಮೇಲೆ ಹಿಂದೆ ಸರಿದು, ಟೆನೆಸಿಯಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಮಗನನ್ನು ಆ ಜಾಗಕ್ಕೆ ತಂದಿದ್ದರು. ಶಾಸ್ತ್ರ ಓದಿದ್ದು ವ್ಯರ್ಥವಾಗಲಿಲ್ಲ.) ಗಾರ್ಸಿಯಾ ಅವರಾದರೋ ಶಿಕಾಗೋದ ಪಕ್ಷಯಂತ್ರವನ್ನು ಜೀವಮಾನವಿಡೀ ಎದುರಿಸಿದ ಸುಧಾರಣಾವಾದಿ, 2015ರ ಮೇಯರ್ ಚುನಾವಣೆಯಲ್ಲಿ ಆಗಿನ ಮೇಯರ್ ರಾಮ್ ಇಮ್ಯಾನುಯೆಲ್ ಅವರಂಥ ಘಟಾನುಘಟಿಯನ್ನು ಎರಡನೆಯ ಸುತ್ತಿಗೆ ಎಳೆದವರು. 2025ರಲ್ಲಿ ಅವರೂ ಮೊದಲು ನಾಮಪತ್ರ ಸಲ್ಲಿಸಿದರು. ಕೊನೆಯ ದಿನ ಅವರ ಕಚೇರಿಯ ಮುಖ್ಯಸ್ಥೆ ಪ್ಯಾಟಿ ಗಾರ್ಸಿಯಾ ಅವರೂ ಸಲ್ಲಿಸಿದರು. ಆಮೇಲೆ ಚೂಯ್ ಅವರು ಆರೋಗ್ಯದ ಮತ್ತು ಕುಟುಂಬದ ಕಾರಣ ಹೇಳಿ ಹಿಂದೆ ಸರಿದರು. ಕಾರಣಗಳು ನಿಜವೇ ಇರಬಹುದು. ಬೇರೆ ಯಾರಿಗೂ ನಾಮಪತ್ರ ಬರೆಯಲು ಪೆನ್ನು ಹುಡುಕುವಷ್ಟು ಸಮಯ ಉಳಿಯಲಿಲ್ಲವೆಂಬುದೂ ನಿಜ. ಇಬ್ಬರು ಗಾರ್ಸಿಯಾಗಳಿಗೂ ರಕ್ತಸಂಬಂಧವಿಲ್ಲ. ಭಕ್ತಾದಿಗಳಿಗೆ ಹೊಸ ಹೆಸರು ಬಾಯಿಪಾಠ ಮಾಡುವ ತೊಂದರೆಯೂ ತಪ್ಪಿತು.

ಇದನ್ನು ಸಹಿಸದೆ ಸದನದಲ್ಲಿ ಚೂಯ್ ಅವರ ವಿರುದ್ಧ ಖಂಡನಾ ನಿರ್ಣಯ ಮಂಡಿಸಿದವರು ಅವರದೇ ಪಕ್ಷದ ಮರಿ ಗ್ಲೂಸೆನ್‌ಕ್ಯಾಂಪ್ ಪೆರೆಜ್. ಪಾಪ, ಅವರು ವಾಷಿಂಗ್ಟನ್ ರಾಜ್ಯದಲ್ಲಿ ಚುನಾವಣೆ ನಿಜವಾಗಿಯೂ ನಡೆಯುವ ಕ್ಷೇತ್ರದವರು. 2022ರಲ್ಲಿ ಮೂರು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ಗೆದ್ದಿದ್ದರು. ಮತದಾರರಿಗೆ ಹೆದರುವುದು ರೂಢಿಯಾದವರಿಗೆ ಇಂಥ ವಿಷಯಗಳು ದೊಡ್ಡದಾಗಿ ಕಾಣುತ್ತವೆ. ತಮ್ಮತಮ್ಮ ಸುರಕ್ಷಿತ ಕ್ಷೇತ್ರಗಳಿಂದ ಬಂದಿದ್ದ ಬಹುಪಾಲು ಸದಸ್ಯರು ಗಂಭೀರ ಮುಖದಿಂದ ಚರ್ಚೆ ಆಲಿಸಿದರು. ನವೆಂಬರ್ 18ರಂದು 236–183 ಮತಗಳಿಂದ ನಿರ್ಣಯ ಅಂಗೀಕಾರವಾಯಿತು. ನಾಮಪತ್ರದ ಗಡುವು ಅದೇ ತಿಂಗಳ 3ರಂದು ಸಂಜೆ ಐದಕ್ಕೆ ಮುಗಿದಿತ್ತು.